ಪವಿತ್ರಾತ್ಮನಿಗೆ ಅಡ್ಡ ನಿಲ್ಲಲು ನಾವು ಯಾರು?

“ಕಾಲ ಎಷ್ಟು ಬೇಕಾದರೂ ಬದಲಾಗಲಿ, ಸಭೆ ಬದಲಾಗಬಾರದು.” ಕರ್ನಾಟಕದ ಹಳೆಯ ಚರ್ಚುಗಳಲ್ಲಿ ಈ ಮಾತು ಕೇಳದವರಿಲ್ಲ. ಸಭಾ ಸಮಿತಿಯ ಹಿರಿಯರು ಹೇಳುತ್ತಾರೆ, ಡಯಾಸಿಸ್ ಕಚೇರಿಯವರು ಹೇಳುತ್ತಾರೆ, ಶತಮಾನೋತ್ಸವದ ವೇದಿಕೆಯಿಂದ ಅತಿಥಿಗಳು ಹೇಳುತ್ತಾರೆ. ಕೆಳಗೆ ಕೂತವರು ತಲೆದೂಗುತ್ತಾರೆ. ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಉಜ್ಜೀವನ, ಆತ್ಮಾಭಿಷೇಕ, ರಾತ್ರಿಯಿಡೀ ಪ್ರಾರ್ಥನೆ ಇವೆಲ್ಲ ಪೆಂತೆಕೋಸ್ತಿನವರ ಪಾಡು, ನಮ್ಮದು ಮರ್ಯಾದಸ್ಥರ ಸಭೆ, ನಮಗೆ ಅದರ ಗೊಡವೆ ಬೇಡ. ಹೀಗೆನ್ನುವವರು ತಾವು ವಿಶ್ವಾಸವನ್ನು ಕಾಯುತ್ತಿದ್ದೇವೆಂದು ನಂಬಿದ್ದಾರೆ. ನಾನು ಹೇಳುತ್ತೇನೆ, ಅವರು ಕಾಯುತ್ತಿರುವುದು ತಮ್ಮ ಅಭ್ಯಾಸವನ್ನು. ಈ ಧೋರಣೆಗೆ ಚರಿತ್ರೆಯ ಆಧಾರವಿಲ್ಲ, ವೇದದ ಆಧಾರವಿಲ್ಲ, ನ್ಯಾಯದ ಆಧಾರವಂತೂ ಇಲ್ಲವೇ ಇಲ್ಲ. ನಂಬಿಗಸ್ತಿಕೆಯ ಹೆಸರಿನಲ್ಲಿ ಪವಿತ್ರಾತ್ಮನ ಮೇಲಿನ ಅಪನಂಬಿಕೆಯನ್ನು ನಾವು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದೇವೆ. ಇದನ್ನು ಇನ್ನೂ ಸಹಿಸುವುದು ಪಾಪ.

ಮೊದಲು ಚರಿತ್ರೆಯನ್ನೇ ನೋಡೋಣ. ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳ ಮುಖ್ಯ ಕವಲುಗಳು ಮೂರು. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು ಲಂಡನ್ ಮಿಷನ್ ಕಡೆಯಿಂದ. 1834ರಲ್ಲಿ ಮಂಗಳೂರಿಗೆ ಮೂವರು ಯುವಕರನ್ನು ಕಳಿಸಿದ್ದು ಬಾಸೆಲ್ ಮಿಷನ್. ಮೈಸೂರು ಸೀಮೆಯಲ್ಲಿ ಶಾಲೆ, ಆಸ್ಪತ್ರೆ, ಅಚ್ಚುಕೂಟ ಕಟ್ಟಿದ್ದು ವೆಸ್ಲಿಯನ್ ಮಿಷನ್. ಈ ಮೂರೂ ಎಲ್ಲಿ ಹುಟ್ಟಿದವು? ಲಂಡನ್ ಮಿಷನ್ ಹುಟ್ಟಿದ್ದು 1795ರಲ್ಲಿ, ಇಂಗ್ಲೆಂಡಿನ ಉಜ್ಜೀವನದ ಬಿಸಿ ಆರುವ ಮೊದಲೇ. ಬಾಸೆಲ್ ಮಿಷನ್ನಿನ ಬೇರು ಇದ್ದದ್ದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಚಳವಳಿಯಲ್ಲಿ. ಮನೆಗಳಲ್ಲಿ ಕೂಡಿ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದ ರೈತರು, ಕುಶಲಕರ್ಮಿಗಳ ಚಳವಳಿ ಅದು. ಮೂರನೆಯದರ ಹೆಸರಿನಲ್ಲೇ ಜಾನ್ ವೆಸ್ಲಿ ಇದ್ದಾನೆ. ಇಂಗ್ಲೆಂಡಿನ ಅಧಿಕೃತ ಚರ್ಚು ತನ್ನ ಪ್ರಸಂಗಪೀಠಗಳನ್ನು ಒಂದೊಂದಾಗಿ ಮುಚ್ಚಿದಾಗ, 1739ರಲ್ಲಿ, ವೆಸ್ಲಿ ಬ್ರಿಸ್ಟಲ್ಲಿನ ಬಯಲಿಗೆ ಬಂದು ನಿಂತ. ಅವನಿಗೂ ಮೊದಲು ಅಲ್ಲಿನ ಕಿಂಗ್ಸ್‌ವುಡ್ಡಿನಲ್ಲಿ ಗಣಿ ಕೆಲಸಗಾರರಿಗೆ ಬೋಧಿಸಿದ ಜಾರ್ಜ್ ವೈಟ್‌ಫೀಲ್ಡ್, ಅವರ ಕಲ್ಲಿದ್ದಲು ಮೆತ್ತಿದ ಕೆನ್ನೆಗಳ ಮೇಲೆ ಕಣ್ಣೀರು ಬಿಳಿ ಗೆರೆ ಎಳೆದದ್ದನ್ನು ಬರೆದಿಟ್ಟಿದ್ದಾನೆ.

ಅಂದರೆ ನಮ್ಮನ್ನು ಹೆತ್ತದ್ದೇ ಉಜ್ಜೀವನ. ಆ ಗಣಿ ಕೆಲಸಗಾರರ ಅಳುವನ್ನು ಅಂದಿನ ಮರ್ಯಾದಸ್ಥ ಇಂಗ್ಲಿಷರು ಹುಚ್ಚಾಟವೆಂದು ಕರೆದಿದ್ದರು. ಆ ಹುಚ್ಚಾಟ ಅಂದು ನಿಂತುಹೋಗಿದ್ದರೆ ತುಮಕೂರಿನಲ್ಲಿ, ಮೈಸೂರಿನಲ್ಲಿ, ಹಾಸನದಲ್ಲಿ ಇವತ್ತು ನಾವು ಕೂರುವ ಬೆಂಚುಗಳು ಎಲ್ಲಿರುತ್ತಿದ್ದವು? ವೆಸ್ಲಿಯ ಹೆಸರು ಕೊರೆದ ಕಲ್ಲಿನ ಕೆಳಗೆ ನಿಂತು ಮನೆಪ್ರಾರ್ಥನೆಯವರನ್ನು ಗೇಟಿನಾಚೆ ಅಟ್ಟುವುದಕ್ಕೆ ನಮಗೆ ಯಾವ ಬಾಯಿ ಇದೆ?

ನಾವು ಪರಂಪರೆ ಎಂದು ಎದೆಗೊತ್ತಿಕೊಂಡಿರುವ ಪ್ರತಿಯೊಂದೂ ಒಂದು ಕಾಲದಲ್ಲಿ ಹೊಸತು, ಅಪಾಯದ್ದು, ಬೇಡವಾದದ್ದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ತಂದಾಗ ಅದಕ್ಕೊಂದು ಪೂರ್ವನಿದರ್ಶನವಿರಲಿಲ್ಲ. ನಿಘಂಟಿನ ಕಿಟೆಲ್ 1862ರಲ್ಲಿ ಕ್ರಿಸ್ತನ ಬದುಕನ್ನು ‘ಕಥಾಮಾಲೆ’ಯಾಗಿ ನಮ್ಮದೇ ಛಂದಸ್ಸಿನಲ್ಲಿ ಹೇಳಿದರು. ಜರ್ಮನಿಯಿಂದ ಬಂದವರೇ ಕನ್ನಡದ ಲಯಕ್ಕೆ ಕಿವಿಗೊಟ್ಟಿದ್ದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳಾದ ನಾವು ಇವತ್ತು ತಬಲಾ, ತಂಬೂರಿ ಬಂದರೆ ಆರಾಧನೆ ಕೆಟ್ಟಿತೆನ್ನುತ್ತೇವೆ, ಅವರ ಊರಿನ ಹಳೆಯ ರಾಗವನ್ನೇ ದೈವವಾಣಿ ಎಂಬಂತೆ ಕಾಪಾಡುತ್ತೇವೆ. ಕಿಟೆಲರ ಪ್ರತಿಮೆಗೆ ಹಾರ ಹಾಕುವುದು ಸುಲಭ. ಕಿಟೆಲರ ಧೈರ್ಯ ಎಲ್ಲಿ ಹೋಯಿತು?

ಕ್ಯಾಥೊಲಿಕ್ ಧರ್ಮಸಭೆಯಲ್ಲೂ ಇದೇ ಕತೆ. ಎಪ್ಪತ್ತಾರರ ಮುದುಕ, ನಾಲ್ಕು ದಿನ ಪೀಠದಲ್ಲಿ ಕೂತು ಹೋಗುತ್ತಾರೆ ಎಂದು ಹಲವರು ಲೆಕ್ಕ ಹಾಕಿದ್ದ ಪೋಪ್ ಇಪ್ಪತ್ತಮೂರನೇ ಯೋವಾನ್ನರು, ಆಯ್ಕೆಯಾಗಿ ಮೂರು ತಿಂಗಳೂ ಕಳೆಯದೆ, 1959ರ ಜನವರಿ 25ರಂದು ಮಹಾಸಭೆ ಕರೆಯುವುದಾಗಿ ಘೋಷಿಸಿದರು. ಹೊಸ ಪೆಂತೆಕೋಸ್ತಿಗಾಗಿ ಇಡೀ ಧರ್ಮಸಭೆ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಿಂದಾಗಿ ಲ್ಯಾಟಿನ್ ಪೂಜೆ ಹೋಗಿ ಜನರ ಭಾಷೆಯ ಪೂಜೆ ಬಂತು. ಬೆಂಗಳೂರಿನಲ್ಲಿ 1967ರಲ್ಲಿ ಎನ್.ಬಿ.ಸಿ.ಎಲ್.ಸಿ. ಎಂಬ ಬೈಬಲ್, ಧರ್ಮೋಪದೇಶ, ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರ ಕಟ್ಟಿದ ಧರ್ಮಗುರು ಡಿ.ಎಸ್. ಅಮಲೋರ್‌ಪವದಾಸ್ ಅವರು ಆರತಿ, ದೀಪ, ಅಂಜಲಿ, ನೆಲದ ಮೇಲೆ ಕೂರುವುದು ಇವಕ್ಕೆಲ್ಲ ಬಲಿಪೂಜೆಯಲ್ಲಿ ಜಾಗ ಕೊಟ್ಟರು. ಭಾರತದ ಧರ್ಮಾಧ್ಯಕ್ಷರು ಕೇಳಿದ ಇಂಥ ಹನ್ನೆರಡು ಅಂಶಗಳಿಗೆ ರೋಮ್ 1969ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಆದರೂ ಅಮಲೋರ್‌ಪವದಾಸ್ ಅವರ ಮೇಲೆ ಬಿದ್ದ ಆಪಾದನೆಗಳು ಎಷ್ಟು! ರೋಮ್ ತೆರೆದ ಬಾಗಿಲನ್ನು ನಮ್ಮ ಊರಿನವರೇ ಒಳಗಿನಿಂದ ಚಿಲಕ ಹಾಕಿಕೊಂಡರು. ಇವತ್ತು ಕನ್ನಡ ಪೂಜೆ ನಮ್ಮ ಹಕ್ಕು ಎಂದು ಬೀದಿಗಿಳಿಯುತ್ತೇವೆ. ಸರಿ, ಅದು ಹಕ್ಕೇ. ಆದರೆ ಆ ಹಕ್ಕು ಕೈಗೆ ಬಂದದ್ದು, ಬದಲಾವಣೆಗೆ ಹೆದರದ ಒಬ್ಬ ಮುದುಕ ಕಿಟಕಿ ತೆರೆದದ್ದರಿಂದ. ಲ್ಯಾಟಿನ್ ಹೋದಾಗ ವಿಶ್ವಾಸ ಹೋಯಿತೇ? ಹೋಗಲಿಲ್ಲ. ಹಾಗಾದರೆ ಇನ್ನು ಯಾವುದು ಹೋದರೆ ಹೋಗುತ್ತದೆಂದು ಈ ಭಯ?

ಇನ್ನು ವೇದ. ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯವನ್ನು ಈ ಹಿರಿಯರು ಓದಿಯೇ ಇಲ್ಲವೇ? ಯೊಪ್ಪದಲ್ಲಿ ಮಾಳಿಗೆಯ ಮೇಲೆ ಹಸಿದು ಕೂತಿದ್ದ ಪೇತ್ರನಿಗೆ ದರ್ಶನವಾಗುತ್ತದೆ. ಹುಟ್ಟಿದಾಗಿನಿಂದ ಅಶುದ್ಧವೆಂದು ಕಲಿತದ್ದನ್ನೇ ತಿನ್ನು ಎಂಬ ಅಪ್ಪಣೆ. ಅವನು ಒಲ್ಲೆನೆನ್ನುತ್ತಾನೆ. ಮೂರು ಸಲ ಅದೇ ಅಪ್ಪಣೆ. ಮರುದಿನ ಹೊರಟು ರೋಮಿನ ಸೇನಾಧಿಕಾರಿ ಕೊರ್ನೇಲ್ಯನ ಮನೆಗೆ ಹೋಗಿ ಮಾತಾಡುತ್ತಿರುವಾಗಲೇ, ಪ್ರಸಂಗ ಮುಗಿಯುವ ಮೊದಲೇ, ದೀಕ್ಷಾಸ್ನಾನಕ್ಕೂ ಮೊದಲೇ, ಪವಿತ್ರಾತ್ಮನು ಅನ್ಯಜನರ ಮೇಲೆ ಇಳಿಯುತ್ತಾನೆ. ಯೆರೂಸಲೇಮಿಗೆ ಬಂದರೆ ಪೇತ್ರನಿಗೆ ಅಭಿನಂದನೆ ಸಿಗಲಿಲ್ಲ, ವಿಚಾರಣೆ ಕಾದಿತ್ತು. ಅನ್ಯಜನರ ಮನೆಯಲ್ಲಿ ಊಟ ಮಾಡಿದೆಯಂತಲ್ಲ? ಅವನು ಕೊಟ್ಟ ಉತ್ತರದ ತಿರುಳು ಇಷ್ಟೇ: ದೇವರಿಗೆ ಅಡ್ಡಿ ಮಾಡಲು ನಾನು ಯಾರು? ಅಲ್ಲಿನ ಹಿರಿಯರು ಅದನ್ನು ಕೇಳಿ ಸುಮ್ಮನಾದರು, ದೇವರನ್ನು ಕೊಂಡಾಡಿದರು. ಅವರ ಜಾಗದಲ್ಲಿ ನಮ್ಮ ಹಿರಿಯರು ಕೂತಿದ್ದರೆ ಪೇತ್ರನನ್ನು ಅಮಾನತಿನಲ್ಲಿಟ್ಟು ವಿಷಯವನ್ನು ಉಪಸಮಿತಿಗೆ ಒಪ್ಪಿಸುತ್ತಿದ್ದರು. ಸುವಾರ್ತೆ ಯೆರೂಸಲೇಮಿನ ಗೋಡೆ ದಾಟುತ್ತಿರಲಿಲ್ಲ. ಕನ್ನಡ ನೆಲದಲ್ಲಿ ಕ್ರೈಸ್ತ ಎನ್ನುವವನೊಬ್ಬನೂ ಇರುತ್ತಿರಲಿಲ್ಲ. ನಾವೇ ಆ ಅನ್ಯಜನರು ಎಂಬುದನ್ನು ಮರೆತು ನಾವೇ ದ್ವಾರಪಾಲಕರಾಗಿದ್ದೇವೆ.

ಚರಿತ್ರೆಯೂ ವೇದವೂ ವಿರುದ್ಧವಾಗಿರುವಾಗ ಈ ಧೋರಣೆ ಇಷ್ಟು ಗಟ್ಟಿಯಾಗಿ ಉಳಿದಿರುವುದೇಕೆ? ಅದರಿಂದ ಕೆಲವರಿಗೆ ಲಾಭವಿದೆ. ಯಾವುದಾದರೂ ಹಳೆಯ ಸಭೆಯ ವಾರ್ಷಿಕ ಮಹಾಸಭೆಗೆ ಹೋಗಿ ಕೂತು ನೋಡಿ. ಪ್ರಾರ್ಥನೆ ಎರಡು ನಿಮಿಷ. ಆಮೇಲೆ ಕಾಂಪೌಂಡಿನ ಮಳಿಗೆಗಳ ಬಾಡಿಗೆ, ಕಲ್ಯಾಣ ಮಂಟಪದ ಗುತ್ತಿಗೆ, ಶಾಲೆಯ ಸೀಟು, ಬಿಲ್ಲಿಲ್ಲದ ಖರ್ಚು, ಎರಡು ಬಣಗಳ ಕೂಗಾಟ, ಮೈಕು ಕಸಿದುಕೊಳ್ಳುವುದು, ಕೊನೆಗೆ ಚುನಾವಣೆ. ಮತಪಟ್ಟಿಗೆ ಹೆಸರು ಸೇರಿಸುವುದಕ್ಕೆ ವರ್ಷಗಟ್ಟಲೆ ಚರ್ಚಿಗೆ ಬಾರದವರ ಚಂದಾ ಬಾಕಿಯನ್ನು ಯಾರೋ ಒಟ್ಟಿಗೆ ಕಟ್ಟಿರುತ್ತಾರೆ. ಈ ವರ್ಷ ಯಾರು ಸಭೆ ಬಿಟ್ಟು ಹೋದರು, ಏಕೆ ಹೋದರು, ಯಾರ ಮನೆಯಲ್ಲಿ ಕುಡಿತ ಹೆಚ್ಚಿತು, ಯಾವ ಹುಡುಗ ಆತ್ಮಹತ್ಯೆಗೆ ಯತ್ನಿಸಿದ ಎಂಬ ಪ್ರಶ್ನೆ ಕಾರ್ಯಸೂಚಿಯಲ್ಲೇ ಇರುವುದಿಲ್ಲ. ಆಸ್ತಿಗಾಗಿ ಸಭೆಯವರೇ ಸಭೆಯವರ ಮೇಲೆ ಹೂಡಿದ ದಾವೆಗಳು ನ್ಯಾಯಾಲಯಗಳಲ್ಲಿ ಕೊಳೆಯುತ್ತಿವೆ. ಉಜ್ಜೀವನ ಬಂದರೆ ಮೊದಲು ನಡೆಯುವುದು ಪಾಪದ ಅರಿಕೆ. ಲೆಕ್ಕ ಬಯಲಾಗುತ್ತದೆ, ಕುರ್ಚಿ ಅಲುಗಾಡುತ್ತದೆ. ಬದಲಾವಣೆ ಬೇಡವೆನ್ನುವವರ ಭಯದ ಮೂಲ ಇಲ್ಲಿದೆ. ಇದಕ್ಕೆ ಪರಂಪರೆಯ ಹೆಸರಿಡುವುದನ್ನು ಮೊದಲು ನಿಲ್ಲಿಸಿ.

ಜಾತಿಯ ಮಾತಿಗೆ ಬರೋಣ, ಏಕೆಂದರೆ ಬದಲಾಗದ ಸಭೆ ಅತ್ಯಂತ ಜತನದಿಂದ ಕಾಪಾಡಿಕೊಂಡು ಬಂದಿರುವುದು ಅದನ್ನೇ. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. ಆ ಅನ್ಯಾಯದ ವಿರುದ್ಧ ಸಭೆಗಳು ಧರಣಿ ಕೂರುತ್ತವೆ, ಕೂರಲೇಬೇಕು. ಆದರೆ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸುವ ಗೋಡೆ ಕಟ್ಟಿದ್ದು ಯಾವ ರಾಷ್ಟ್ರಪತಿ? ನಮ್ಮ ಮದುವೆ ಮಾತುಕತೆಗಳಲ್ಲಿ ‘ಮೂಲ ಯಾವುದು’ ಎಂದು ದನಿ ತಗ್ಗಿಸಿ ಕೇಳುವಂತೆ ಆದೇಶಿಸಿದ್ದು ಯಾವ ಸರ್ಕಾರ? ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. ನಮ್ಮ ಅಂಗಳದಲ್ಲೇ ಎದ್ದ ಆ ಪ್ರವಾದನೆಯ ದನಿ ನಮ್ಮ ಎಷ್ಟು ಪ್ರಸಂಗಪೀಠಗಳನ್ನು ಮುಟ್ಟಿದೆ? ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು 2016ರಲ್ಲಿ ತಮ್ಮ ದಲಿತ ಸಬಲೀಕರಣ ನೀತಿಯಲ್ಲಿ, ಧರ್ಮಸಭೆಯೊಳಗೆ ಜಾತಿ ತಾರತಮ್ಯವಿದೆ, ಅದು ಪಾಪ ಎಂದು ಬರೆದೇ ಒಪ್ಪಿಕೊಂಡರು. ಒಪ್ಪಿಕೊಂಡ ಪಾಪಕ್ಕೆ ಪಶ್ಚಾತ್ತಾಪ ಬೇಡವೇ? ಸಭೆ ಬದಲಾಗಬಾರದು ಎನ್ನುವವರೇ, ಇದೂ ಬದಲಾಗಬಾರದೇ?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಮ್ಮ ಕಣ್ಣು ತೆರೆಸಲು ನಮ್ಮ ನೆಲದವಳೇ ಒಬ್ಬಳಿದ್ದಾಳೆ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕ್ರಿಸ್ತನನ್ನು ನಂಬಿದ ಮೇಲೆ ಆಕೆ ಪುಣೆ ಬಳಿಯ ಕೆಡಗಾಂವ್‌ನಲ್ಲಿ ಮುಕ್ತಿ ಸದನ ಕಟ್ಟಿದರು, 1896-97ರ ಬರಗಾಲದಲ್ಲಿ ಬೀದಿಪಾಲಾದ ನೂರಾರು ವಿಧವೆಯರನ್ನು, ಅನಾಥ ಹುಡುಗಿಯರನ್ನು ಕರೆತಂದರು. ವೇಲ್ಸ್ ದೇಶದ ಉಜ್ಜೀವನದ ಸುದ್ದಿ ಕೇಳಿ 1905ರ ಆರಂಭದಲ್ಲಿ ಆ ಹುಡುಗಿಯರನ್ನು ದಿನವೂ ಪ್ರಾರ್ಥನೆಗೆ ಕೂಡಿಸಿದರು. ಆ ಜೂನ್ ತಿಂಗಳಲ್ಲಿ ಸದನವಿಡೀ ಅಳು, ಪಾಪದ ಅರಿಕೆ, ಸ್ತುತಿಯಿಂದ ತುಂಬಿಹೋಯಿತು. ಸಮಾಜ ಅಪಶಕುನವೆಂದು ಹೊರಹಾಕಿದ್ದ ತಲೆಬೋಳಿಸಿದ ಬಾಲವಿಧವೆಯರ ಮೇಲೆ ಆತ್ಮನು ಇಳಿದನು. ಲಾಸ್ ಏಂಜಲೀಸಿನ ಅಜ಼ುಸಾ ಬೀದಿಯಲ್ಲಿ ವಿಲಿಯಂ ಸೆಮೂರ್ ಎಂಬ ಕರಿಯ ಬೋಧಕನ ಸುತ್ತ ಎದ್ದ ಪ್ರಸಿದ್ಧ ಉಜ್ಜೀವನಕ್ಕಿಂತ ಸುಮಾರು ಒಂದು ವರ್ಷ ಮೊದಲು ಇದು ನಡೆಯಿತು. ಗದ್ದಲವೆಂದು ಆಕ್ಷೇಪಿಸಿದವರಿದ್ದರು. ರಮಾಬಾಯಿ ಆ ಹುಡುಗಿಯರ ಬಾಯಿ ಮುಚ್ಚಿಸಲಿಲ್ಲ. ಅವರನ್ನು ಬರೀ ಕಣ್ಣೀರಿನಲ್ಲಿ ಬಿಡಲೂ ಇಲ್ಲ. ಓದು ಕಲಿಸಿದರು, ನೇಯ್ಗೆ ಕಲಿಸಿದರು, ಅಚ್ಚುಮೊಳೆ ಜೋಡಿಸಲು ಕಲಿಸಿದರು. ತಾವೇ ಮರಾಠಿಗೆ ತಂದ ಬೈಬಲ್ಲನ್ನು ಆ ಕೈಗಳಿಂದಲೇ ಅಚ್ಚು ಹಾಕಿಸಿದರು.

ಅದೇ ಸದನದ ಸಹೋದ್ಯೋಗಿ ಮಿನಿ ಏಬ್ರಮ್ಸ್ ಆ ಉಜ್ಜೀವನದ ಬಗ್ಗೆ ಬರೆದ ಪುಸ್ತಿಕೆ ಚಿಲಿ ದೇಶದ ವಾಲ್ಪರೈಸೊ ತಲುಪಿ, 1909ರಲ್ಲಿ ಅಲ್ಲಿನ ಮೆಥಡಿಸ್ಟ್ ಸಭೆಯಲ್ಲಿ ಉಜ್ಜೀವನ ಎದ್ದಿತು. ಅಲ್ಲಿನ ಆಡಳಿತ ಏನು ಮಾಡಿತು? ಅದನ್ನು ಖಂಡಿಸಿತು. 1910ರಲ್ಲಿ ಪಾದ್ರಿ ವಿಲಿಸ್ ಹೂವರ್ ಮತ್ತು ಜೊತೆಯವರು ಹೊರನಡೆದರು. ಇಂದು ಚಿಲಿಯಲ್ಲಿ ಹೊರಹೋದವರ ಸಂತತಿ ದೇಶ ತುಂಬಿದೆ, ಖಂಡಿಸಿದ ಸಭೆ ಸಣ್ಣದಾಗಿಯೇ ಉಳಿದಿದೆ. ವೆಸ್ಲಿಗೆ ಬಾಗಿಲು ಹಾಕಿದವರ ತಪ್ಪನ್ನು ವೆಸ್ಲಿಯ ಮಕ್ಕಳೇ ಮಾಡಿದರು. ಈಗ ಅದನ್ನೇ ನಾವೂ ಮಾಡುತ್ತಿದ್ದೇವೆ. ಹೆಣ್ಣುಮಕ್ಕಳ ಮಾತಿಗೇ ಮರಳಿದರೆ, 1947ರಲ್ಲಿ ಹಲವು ಪಂಗಡಗಳನ್ನು ಒಂದುಗೂಡಿಸಿ ಜಗತ್ತನ್ನೇ ಬೆರಗುಗೊಳಿಸಿದ ದಕ್ಷಿಣ ಭಾರತ ಸಭೆಗೆ ಒಬ್ಬ ಹೆಣ್ಣನ್ನು, ಪುಷ್ಪ ಲಲಿತಾ ಅವರನ್ನು, ಬಿಷಪ್ ಪೀಠದಲ್ಲಿ ಕೂರಿಸಲು 2013ರವರೆಗೆ ಕಾಯಬೇಕಾಯಿತು. ಆರಾಧನೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಉಪವಾಸ ಪ್ರಾರ್ಥನೆಗೆ ಕೂರುವವರು ಅವರೇ, ರೋಗಿಗಳ ಮನೆಗೆ ಹೋಗುವವರು ಅವರೇ. ತೀರ್ಮಾನದ ಮೇಜಿನ ಸುತ್ತ ಮಾತ್ರ ಗಂಡಸರು. ಆತ್ಮನು ಅವರಿಗೆ ಕೊಟ್ಟ ವರಗಳನ್ನು ಅಡುಗೆಮನೆಗೆ ಕಳಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ನಮ್ಮ ಸಭೆ ಬಿಟ್ಟ ಜನ ಎಲ್ಲಿಗೆ ಹೋಗುತ್ತಿದ್ದಾರೆ ಎಂದು ತಿಳಿಯಬೇಕಾದರೆ ಶನಿವಾರ ರಾತ್ರಿ ಬೆಂಗಳೂರಿನ ಪೀಣ್ಯದ ಕಡೆಯ ಯಾವುದಾದರೂ ವಠಾರಕ್ಕೆ ಹೋಗಿ. ಶೀಟಿನ ಮಾಡಿನ ಒಂದೇ ಕೋಣೆ, ಬಾಗಿಲಾಚೆ ರಾಶಿ ಚಪ್ಪಲಿ, ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್, ನೆಲಕ್ಕೆ ಹಾಸಿದ ಚಾಪೆಯ ಮೇಲೆ ಒತ್ತಿ ಕೂತ ಹತ್ತು ಹದಿನೈದು ಜನ. ಗಾರ್ಮೆಂಟ್ಸಿನಿಂದ ನೇರ ಬಂದ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಸೆಕ್ಯೂರಿಟಿ ಡ್ಯೂಟಿಗೆ ಹೊರಟು ನಿಂತ ಒಬ್ಬ ಹುಡುಗ. ಸಾಲದ ಕಂತು, ಗಂಡನ ಕುಡಿತ, ಸೂಪರ್‌ವೈಸರನ ಬೈಗಳ ಎಲ್ಲವೂ ಹೆಸರು ಹಿಡಿದು ಪ್ರಾರ್ಥನೆಯಾಗುತ್ತದೆ. ಅವರಲ್ಲಿ ಹಲವರ ದೀಕ್ಷಾಸ್ನಾನದ ದಾಖಲೆ ಇರುವುದು ನಮ್ಮ ರಿಜಿಸ್ಟರಿನಲ್ಲೇ. ರಾಯಚೂರಿನಿಂದ, ಕೊಳ್ಳೇಗಾಲದಿಂದ ಬಂದು ನಗರದ ದೊಡ್ಡ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಹೋದಾಗ ಅವರ ಹೆಸರು ಕೇಳಿದವರಿರಲಿಲ್ಲ. ಈಗ ಅವರನ್ನು ಪಂಗಡದವರು ಕದ್ದರು ಎಂದು ದೂರುತ್ತೇವೆ. ನಾವು ಕೈಬಿಟ್ಟವರನ್ನು ಬೇರೆಯವರು ಎತ್ತಿಕೊಂಡರೆ ಅದು ಕಳ್ಳತನವೇ?

ಎರಡು ಆಕ್ಷೇಪಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ಉಜ್ಜೀವನವೆಂದರೆ ಅಶಿಸ್ತು, ವಂಚನೆ, ಗುಣಪಡಿಸುತ್ತೇವೆಂದು ಹಣ ಕೀಳುವ ದಂಧೆ. ಹೌದು, ವಂಚಕರಿದ್ದಾರೆ. ಬಡವರ ಕಣ್ಣೀರನ್ನು ವ್ಯಾಪಾರ ಮಾಡುವವರನ್ನು ನಾನು ಕ್ಷಮಿಸುವುದಿಲ್ಲ. ಆದರೆ ಅವರಿಗೆ ಬಯಲು ಬಿಟ್ಟುಕೊಟ್ಟವರು ಯಾರು? ಪೌಲನು ಥೆಸಲೋನಿಕದವರಿಗೆ ಹೇಳಿದ್ದು, ಆತ್ಮನ ಬೆಂಕಿಯನ್ನು ಆರಿಸಬೇಡಿ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಇಟ್ಟುಕೊಳ್ಳಿ ಎಂದು. ಪರೀಕ್ಷಿಸುವ ಶ್ರಮ ತಪ್ಪಿಸಿಕೊಳ್ಳಲು ನಾವು ಬೆಂಕಿಯನ್ನೇ ಆರಿಸಿದೆವು. ದೇವಶಾಸ್ತ್ರ ಓದಿದ ಪಾದ್ರಿಗಳು ಆ ವಠಾರದ ಚಾಪೆಯ ಮೇಲೆ ಹೋಗಿ ಕೂತಿದ್ದರೆ ವಂಚಕನಿಗೆ ಅಲ್ಲಿ ಜಾಗ ಸಿಗುತ್ತಿತ್ತೇ? ಶಿಸ್ತಿನ ಮಾತೂ ಅಷ್ಟೇ. ಹೆರಿಗೆ ಕೋಣೆಯಲ್ಲಿ ಕೂಗಾಟವಿರುತ್ತದೆ, ಸ್ಮಶಾನದಲ್ಲಿ ಶಿಸ್ತಿರುತ್ತದೆ. ಸಭೆ ಯಾವುದರಂತೆ ಇರಬೇಕೆಂದು ನಿರ್ಧರಿಸಿ.

ಎರಡನೆಯ ಆಕ್ಷೇಪ, ಕಾಲ ಸರಿಯಿಲ್ಲ ಎಂಬುದು. 2008ರಲ್ಲಿ ಕರಾವಳಿಯಲ್ಲಿ ಚರ್ಚುಗಳ ಮೇಲೆ ದಾಳಿಯಾಯಿತು, 2022ರಲ್ಲಿ ಮತಾಂತರದ ವಿರುದ್ಧ ಕಾನೂನು ಬಂತು. ಇಂಥ ಹೊತ್ತಿನಲ್ಲಿ ಒಳಗಿನ ಕೊಳೆ ಕೆದಕಬೇಡಿ, ತಲೆ ತಗ್ಗಿಸಿ ಇರೋಣ ಎನ್ನುತ್ತಾರೆ. ಹೊರಗಿನ ಭಯ ನಿಜ, ಆ ನೋವು ನನ್ನದೂ ಹೌದು. ಆದರೆ ಆ ಭಯವನ್ನೇ ಒಳಗಿನ ಅನ್ಯಾಯಕ್ಕೆ ಹೊದಿಕೆ ಮಾಡುವುದು ಎಂಥ ಧರ್ಮ? ಆದಿಸಭೆ ಅತ್ಯಂತ ಧೈರ್ಯವಾಗಿ ಬಾಗಿಲು ತೆರೆದದ್ದು ಸ್ತೆಫನನನ್ನು ಕಲ್ಲೆಸೆದು ಕೊಂದ ಮೇಲೆ, ಹಿಂಸೆಗೆ ಚದುರಿಹೋದ ಮೇಲೆ. ಕೊಳೆ ತೊಳೆದ ಸಭೆಯೇ ಪೆಟ್ಟು ತಾಳುತ್ತದೆ. ಜಾತಿಯಿಂದ, ದಾವೆಯಿಂದ ಸೀಳಿಹೋದ ಸಭೆಯನ್ನು ಒಡೆಯಲು ಹೊರಗಿನವರು ಬರಬೇಕಾಗಿಲ್ಲ.

ನವೀಕರಣವನ್ನು ಅಗ್ಗದ ಸರಕನ್ನಾಗಿ ಮಾಡುವವರೂ ಇದ್ದಾರೆ. ಎಲ್‌ಇಡಿ ಪರದೆ ಹಾಕಿಸಿ, ಡ್ರಮ್ಸ್ ತಂದು, ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರೆ ಸಭೆ ಹೊಸತಾಯಿತೆಂದು ತೃಪ್ತಿಪಡುತ್ತಾರೆ. 2020ರಲ್ಲಿ ಕೊರೊನಾ ಬಂದು ಕಟ್ಟಡಗಳು ಮುಚ್ಚಿದಾಗ ಸಭೆ ಉಳಿದದ್ದು ಮನೆಗಳಲ್ಲಿ, ಫೋನಿನಲ್ಲಿ ಪ್ರಾರ್ಥಿಸಿದ ಅಜ್ಜಿಯರಲ್ಲಿ, ನೆರೆಯವರಿಗೆ ದಿನಸಿ ಹೊತ್ತ ಹುಡುಗರಲ್ಲಿ. ಬಾಗಿಲು ಮತ್ತೆ ತೆರೆದಾಗ ಆ ಅಜ್ಜಿಯನ್ನು, ಆ ಹುಡುಗನನ್ನು ಮರೆತು ಪರದೆಯನ್ನು ಮಾತ್ರ ಉಳಿಸಿಕೊಂಡೆವು. ಪಶ್ಚಾತ್ತಾಪವಿಲ್ಲದ ಸಂಗೀತ, ನ್ಯಾಯವಿಲ್ಲದ ಸ್ತುತಿ ಆತ್ಮನ ಕೆಲಸವಲ್ಲ.

ಆದ್ದರಿಂದ ಕೇಳಿ, ಸಭಾಪಾಲಕರೇ, ಹಿರಿಯರೇ, ಧರ್ಮಗುರುಗಳೇ, ಬಿಷಪ್ಪರೇ. ಇನ್ನೊಂದು ಜಯಂತಿ ಬೇಡ, ಇನ್ನೊಂದು ಸ್ಮರಣ ಸಂಚಿಕೆ ಬೇಡ. ಮುಂದಿನ ಮಹಾಸಭೆಯನ್ನು ಉಪವಾಸ ಪ್ರಾರ್ಥನೆಯಿಂದ ಶುರುಮಾಡಿ, ಬಾಡಿಗೆಯ ಲೆಕ್ಕವನ್ನು ಇಡೀ ಸಭೆಯ ಮುಂದೆ ಓದಿ. ಸಹೋದರರ ಮೇಲೆ ಹೂಡಿದ ದಾವೆಗಳನ್ನು ಹಿಂದಕ್ಕೆ ಪಡೆಯಿರಿ. ಸ್ಮಶಾನದಲ್ಲಿ, ಮದುವೆಯಲ್ಲಿ, ಸಮಿತಿಯಲ್ಲಿ ಜಾತಿ ನುಸುಳಿರುವ ಕಡೆಯೆಲ್ಲ ಅದನ್ನು ಹೆಸರು ಹಿಡಿದು ಪೀಠದಿಂದ ಖಂಡಿಸಿ, ಕ್ಷಮೆ ಕೇಳಿ. ಹಿರಿಯರ ಪಟ್ಟಿಯಲ್ಲಿ ಅರ್ಧ ಹೆಣ್ಣುಮಕ್ಕಳಿರಲಿ, ಅವರ ಪ್ರಾರ್ಥನಾ ಗುಂಪುಗಳಿಗೆ ಚರ್ಚಿನ ಬಾಗಿಲು ವಾರವಿಡೀ ತೆರೆದಿರಲಿ. ಭಾನುವಾರದ ನಿಲುವಂಗಿ ಕಳಚಿಟ್ಟು ಶನಿವಾರ ರಾತ್ರಿ ವಠಾರಕ್ಕೆ ಹೋಗಿ, ಕಲಿಸುವುದಕ್ಕೂ ಕಲಿಯುವುದಕ್ಕೂ. ಯುವಕರು ಕೇಳುವ ಪ್ರಶ್ನೆಗೆ ಗದರದೆ ಉತ್ತರ ಕೊಡಿ, ಗೊತ್ತಿಲ್ಲದಿದ್ದರೆ ಅವರ ಜೊತೆ ಕೂತು ಹುಡುಕಿ.

ಸಭಿಕರೇ, ನೀವು ಮೇಲಿನವರ ಅಪ್ಪಣೆಗಾಗಿ ಕಾಯಬೇಡಿ. ವುರ್ಟೆಂಬರ್ಗಿನ ರೈತರು ಕಾಯಲಿಲ್ಲ, ಕಿಂಗ್ಸ್‌ವುಡ್ಡಿನ ಗಣಿ ಕೆಲಸಗಾರರು ಕಾಯಲಿಲ್ಲ, ಮುಕ್ತಿ ಸದನದ ಬಾಲವಿಧವೆಯರು ಕಾಯಲಿಲ್ಲ. ಸಭೆಯನ್ನು ಬಿಟ್ಟು ಓಡಬೇಡಿ, ಸುಮ್ಮನೆ ಕೂರಲೂ ಬೇಡಿ. ಮನೆಯಲ್ಲಿ ಪ್ರಾರ್ಥನೆಗೆ ಕೂಡಿ, ಸಮಿತಿಯಲ್ಲಿ ಪ್ರಶ್ನೆ ಕೇಳಿ, ಅನ್ಯಾಯ ಕಂಡಲ್ಲಿ ಎದ್ದು ನಿಲ್ಲಿ. ಯೆರೂಸಲೇಮಿನ ಹಿರಿಯರು ಪೇತ್ರನ ಮಾತು ಕೇಳಿ ದಾರಿ ಬಿಟ್ಟರು. ನಮ್ಮ ಹಿರಿಯರೂ ದಾರಿ ಬಿಡಲಿ. ಬಿಡದಿದ್ದರೆ, ಅವರು ಬಿಡುವವರೆಗೂ ಅವರನ್ನು ಕೇಳುತ್ತಲೇ ಇರೋಣ: ದೇವರಿಗೆ ಅಡ್ಡ ನಿಲ್ಲಲು ನೀವು ಯಾರು?